ಪ್ರತಿಕ್ರಿಯೆ: ಚಳಿಗೆ ಮನೇಲಿ ಕೂರಬೇಡಿ, ಹದಿನಾರಿನ ಕೆರೆಗೆ ಹೋಗಿ

ಚಳಿ ಶುರುವಾದ ಮೇಲೆ ಬೆಟ್ಟ ಹತ್ತೋದು ನಿಂತು, ಮೈಸೂರಲ್ಲಿ ಭಾನುವಾರ ಕಳೆಯೋದೇ ಬೇಜಾರು ಅಂದಿದ್ದೀರಿ. ನನಗಂತೂ ವರ್ಷದಲ್ಲಿ ಇದೇ ಒಳ್ಳೆ ಕಾಲ ಸರ್. ಬೈನಾಕ್ಯುಲರ್ ಹಿಡಿದು ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನೋ ಊರಿನ ಕೆರೆಗೆ ಹೋಗಿ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಅಲ್ಲಿಳಿಯುತ್ತವೆ. ಬಿಳಿ ತಲೆ, ಹಿಂದೆ ಎರಡು ಕಪ್ಪು ಗೆರೆ; ನೋಡಿದ ತಕ್ಷಣ ಗುರುತು ಸಿಗುತ್ತೆ. ಮಂಜು ಕರಗೋವರೆಗೆ ಬರೀ ಕೂಗು. ಆಮೇಲೆ ನೀರ ಮೇಲೆ ಒಂದೊಂದಾಗಿ ಕಾಣಿಸ್ತವೆ, ಮೈ ಜುಮ್ಮನ್ನುತ್ತೆ! ದೂರವೇ ನಿಲ್ಲಿ, ಹತ್ತಿರ ಹೋದರೆ ಇಡೀ ಹಿಂಡು ಎದ್ದುಬಿಡುತ್ತೆ. ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಸಾಕು. ಬರುವಾಗ ಸೊಗಡಿನ ಅವರೆಕಾಯಿ ತನ್ನಿ. ಸಂಜೆ ಬೇಗ ಕತ್ತಲಾಗುತ್ತಲ್ಲ, ಮನೆಯವರ ಜೊತೆ ಕಾಳು ಬಿಡಿಸುತ್ತಾ ಬೆಳಿಗ್ಗೆ ಕಂಡ ಹಕ್ಕಿಗಳ ಮಾತಾಡಿ.