ಮರೆವು ಶುರುವಾದ ಅಮ್ಮನನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗಬಹುದಾ?

ನಿಮ್ಮ ತಾಯಿಗೆ 76, ಮರೆವು ಶುರುವಾಗಿದೆ, ಬೆಂಗಳೂರಿನ ಯಾವುದಾದರೂ ಮ್ಯೂಸಿಯಂಗೆ ಕರೆದುಕೊಂಡು ಹೋದರೆ ಖುಷಿಯಾಗುತ್ತಾ ಅಥವಾ ಸುಮ್ನೆ ಸುಸ್ತಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಪೂರ್ತಿ ಮ್ಯೂಸಿಯಂ ತೋರಿಸಬೇಡಿ.

ಮೊದಲ ಸಲ ನಾನು ಅದೇ ತಪ್ಪು ಮಾಡಿದೆ. ಟಿಕೆಟ್ ದುಡ್ಡು ವಸೂಲಾಗಲಿ ಅಂತ ಅಮ್ಮನನ್ನು ಎರಡು ಗಂಟೆ ಓಡಾಡಿಸಿದೆ. ಜೊತೆಗೆ "ಇದು ನೆನಪಿದೆಯಾ, ಅದು ನೆನಪಿದೆಯಾ" ಅಂತ ಪರೀಕ್ಷೆ ಬೇರೆ. ವಾಪಸ್ ಬರುವಾಗ ಆಟೋದಲ್ಲಿ ಅಮ್ಮ ಮಾತೇ ಆಡಲಿಲ್ಲ.

ಆಮೇಲೆ ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ ಬಗ್ಗೆ ಓದಿದೆ. ಆಲ್ಝೈಮರ್ಸ್ ಇರುವವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅಂತಲೇ 2006ರಲ್ಲಿ ಅಲ್ಲೊಂದು ಕಾರ್ಯಕ್ರಮ ಶುರುವಾಯಿತು. ಗಲಾಟೆ ಇರಬಾರದು ಅಂತ ಮ್ಯೂಸಿಯಂಗೆ ರಜೆ ಇದ್ದ ದಿನ ಕರೆಸುತ್ತಿದ್ದರು. ಒಂದೂವರೆ ಗಂಟೆಗೆ ನಾಲ್ಕೈದು ಚಿತ್ರ, ಅಷ್ಟೇ. ಕೂತು ನೋಡುವುದು. ಬರೆದವರು ಯಾರು ಅಂತಲ್ಲ, ಏನು ಕಾಣುತ್ತಿದೆ ಅಂತ ಕೇಳುವುದು. ಅದಕ್ಕೆ ಉತ್ತರ ಹೇಳಲು ನೆನಪು ಬೇಕಿಲ್ಲ ಅಲ್ವಾ?

ಮುಂದಿನ ಸಲ ಚಿತ್ರಕಲಾ ಪರಿಷತ್ತಿಗೆ ಹೋದೆವು. ತೊಗಲುಗೊಂಬೆಗಳ ಮುಂದೆ ಕೂರಿಸಿ, "ಏನಮ್ಮ ಕಾಣ್ತಿದೆ?" ಅಂದೆ. "ಇವನ ಪಂಚೆ ಅಂಚು ಎಷ್ಟು ಚೆನ್ನಾಗಿ ಕೊರೆದಿದಾರೆ ನೋಡು" ಅಂದರು. ಅಲ್ಲಿಂದ ಮಾತು ಊರಿನ ಗೊಂಬೆಯಾಟಕ್ಕೆ ಹೋಯಿತು. ಪರದೆ ಹಿಂದಿನ ಎಣ್ಣೆ ದೀಪ, ರಾವಣ ಸಾಯುವ ಹೊತ್ತಿಗೆ ತಾವು ಅಜ್ಜಿ ತೊಡೆ ಮೇಲೆ ನಿದ್ದೆ ಹೋಗುತ್ತಿದ್ದದ್ದು, ಎಲ್ಲ ಬಂತು. ನಾನು ಕೇಳಿಯೇ ಇರಲಿಲ್ಲ! ರಷ್ಯಾದ ಕಲಾವಿದ ರೋರಿಕ್ ಚಿತ್ರಗಳ ಹತ್ತಿರ ಬಂದಾಗ ಆ ಹೆಸರು ಓದಿ, "ದೇವಿಕಾ ರಾಣಿ ಗಂಡ ಅಲ್ವೇನೋ?" ಅಂದರು. ಹಳೇ ಹಿಂದಿ ಸಿನಿಮಾ ನಟಿ ದೇವಿಕಾ ರಾಣಿಯನ್ನು ಮದುವೆಯಾದದ್ದು ಮಗ ಸ್ವೆತೊಸ್ಲಾವ್ ರೋರಿಕ್. ಆ ಹಿಮಾಲಯದ ಚಿತ್ರಗಳು ಅಪ್ಪ ನಿಕೊಲಸ್‌ದು. ತಿದ್ದಲು ಹೋಗಲಿಲ್ಲ.

ಮರೆವು ಇದರಿಂದ ವಾಸಿಯಾಗಲ್ಲ. ಎಲ್ಲಿಗೆ ಹೋಗಿದ್ದೆವು ಅನ್ನುವುದು ಮಾರನೇ ದಿನವೇ ಮರೆತಿತ್ತು. ಆದರೂ ಮನೆಕೆಲಸದವಳ ಹತ್ತಿರ "ನಿನ್ನೆ ಜಾತ್ರೆಗೆ ಹೋಗಿದ್ವಿ" ಅಂತ ನಗುತ್ತಾ ಹೇಳುತ್ತಿದ್ದರು.

ಬೆಳಗ್ಗೆ ತಿಂಡಿ ಆದ ಮೇಲೆ ಹೋಗಿ. ಮೊದಲು ಶೌಚಾಲಯ ಎಲ್ಲಿದೆ ನೋಡಿಕೊಳ್ಳಿ, ಪಿಕಾಸೊಗಿಂತ ಅದು ಮುಖ್ಯ. ಕೂರಲು ಜಾಗ, ಗಾಲಿಕುರ್ಚಿ ಸಿಗುತ್ತಾ ಅಂತ ಫೋನ್ ಮಾಡಿ ಕೇಳಿ. ಮಂಡಿ ನೋವಿದ್ದರೆ ಕಸ್ತೂರ್ಬಾ ರಸ್ತೆಯ ಮ್ಯಾಪ್ (ಕಲೆ ಮತ್ತು ಛಾಯಾಗ್ರಹಣದ ಮ್ಯೂಸಿಯಂ) ಅನುಕೂಲ, ಲಿಫ್ಟ್ ಇದೆ. ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಮರದ ನೆರಳಿದೆ. ಎರಡಕ್ಕೂ ಸೋಮವಾರ ರಜೆ. ಜನವರಿಯಲ್ಲಿ ಪರಿಷತ್ತು ರಸ್ತೆಯಲ್ಲೇ ನಡೆಸುವ ಚಿತ್ರಸಂತೆಗೆ ಮಾತ್ರ ಕರೆದುಕೊಂಡು ಹೋಗಬೇಡಿ. ಅವತ್ತು ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರಲ್ಲ.