40 ಲಕ್ಷ ಜನ ಕೊಂಡರು ನಿಜ, ಆಮೇಲೆ ಏನಂದರು?

ದಾವಣಗೆರೆಯಲ್ಲಿ ಮೊಬೈಲ್ ಅಂಗಡಿ ನಡೆಸುವ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ‘ಕಳೆದ ಸಂಚಿಕೆಯಲ್ಲಿ 2011ರ ಐಫೋನ್ 4ಎಸ್ ಮತ್ತು ಅದರಲ್ಲಿದ್ದ ಮಾತಿನ ಸಹಾಯಕಿ ಸಿರಿ ಬಗ್ಗೆ ಬರೆಯುತ್ತಾ, ಜನ ನಿರಾಶರಾದರು ಅಂದಿದ್ದೀರಿ. ಮೂರೇ ದಿನಕ್ಕೆ 40 ಲಕ್ಷ ಫೋನ್ ಖರ್ಚಾಗಿವೆ. ನಿರಾಶರಾದವರು ಹೀಗೆ ಕೊಳ್ಳುತ್ತಾರಾ? ಗಿರಾಕಿ ಗೊಣಗುವುದು ಇದ್ದದ್ದೇ, ಗೊಣಗುತ್ತಲೇ ಮತ್ತೆ ಬರುತ್ತಾನೆ. ಅವನು ಕೌಂಟರ್ ಮೇಲೆ ಇಡುವ ದುಡ್ಡೇ ಅವನ ಅಭಿಪ್ರಾಯ. ಇನ್ನೊಂದು ಮಾತು, ಕನ್ನಡದಲ್ಲಿ ಹೇಳಿದರೆ ಫೋನಿಗೆ ತಿಳಿಯುತ್ತಾ ಅಂತ ಕೇಳುವ ವಯಸ್ಸಾದವರಿಗೆ ನಾನು ಏನು ಹೇಳಲಿ?’

ನಮಸ್ಕಾರ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ‘ಜನ ನಿರಾಶರಾದರು’ ಅಂತ ಒಂದೇ ಮಾತಲ್ಲಿ ಬರೆದದ್ದು ಸರಿಯಾಗಲಿಲ್ಲ. ಅಲ್ಲಿ ಇದ್ದದ್ದು ಬೇರೆ ಬೇರೆ ಜನ, ಅವರು ಮಾತಾಡಿದ್ದೂ ಬೇರೆ ಬೇರೆ ಹೊತ್ತಿನಲ್ಲಿ. ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟೆವು.

2011ರ ಅಕ್ಟೋಬರ್ 4ರಂದು ಫೋನ್ ತೋರಿಸಿದಾಗ ಮುಖ ಸಣ್ಣ ಮಾಡಿದವರು ಹೆಚ್ಚಾಗಿ ಸುದ್ದಿ ಬರೆಯುವವರು, ಮತ್ತೆ ಐಫೋನ್ 5 ಬರುತ್ತೆ ಅಂತ ತಿಂಗಳುಗಟ್ಟಲೆ ಕಾದಿದ್ದವರು. ಹೊರಗಿನಿಂದ ನೋಡಿದರೆ ಹಿಂದಿನ ವರ್ಷದ ಐಫೋನ್ 4ಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಒಳಗೆ ಹೊಸ ಎ5 ಚಿಪ್ಪು, 8 ಮೆಗಾಪಿಕ್ಸೆಲ್ ಕ್ಯಾಮೆರಾ, ಮತ್ತೆ ಸಿರಿ. ವೇದಿಕೆಯ ಮೇಲೆ ‘ನೀನು ಯಾರು?’ ಅಂತ ಕೇಳಿದ್ದಕ್ಕೆ ‘ನಾನು ನಿಮ್ಮ ವಿನಮ್ರ ಸಹಾಯಕ’ ಅನ್ನೋ ಅರ್ಥದ ಉತ್ತರ ಬಂತು, ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮಾರನೇ ದಿನವೇ, ಈ ಫೋನ್ ಮಾಡುವ ಆ್ಯಪಲ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ಜಾಬ್ಸ್ ತೀರಿಕೊಂಡರು. ಆ ದುಃಖದಲ್ಲಿ ಫೋನನ್ನು ನೋಡುವ ಕಣ್ಣೂ ಸ್ವಲ್ಪ ಬದಲಾಯಿತು ಅಂತ ನನಗೆ ಅನ್ನಿಸುತ್ತದೆ. ಅಕ್ಟೋಬರ್ 7ಕ್ಕೆ ಬುಕಿಂಗ್ ಶುರುವಾದಾಗ ಒಂದೇ ದಿನದಲ್ಲಿ 10 ಲಕ್ಷ ದಾಟಿತು. 14ರಂದು ಏಳು ದೇಶಗಳಲ್ಲಿ ಮಾರಾಟ ಶುರುವಾಯಿತು. ನೀವು ಹೇಳಿದ 40 ಲಕ್ಷ ಅಲ್ಲಿಂದ ಮೂರು ದಿನದ ಲೆಕ್ಕ. ಅಲ್ಲಿಯವರೆಗೆ ನಿಮ್ಮ ಮಾತೇ ಗಟ್ಟಿ.

ಆದರೆ ಆ ಮೂರು ದಿನದಲ್ಲಿ ಕೊಂಡವರಲ್ಲಿ ಎಷ್ಟು ಜನ ಸಿರಿ ಜೊತೆ ಒಂದು ಇಡೀ ದಿನ ಕಳೆದಿದ್ದರು ಹೇಳಿ? ದುಡ್ಡು ಕೊಡುವಾಗ ಕೈಯಲ್ಲಿರುವುದು ಆಸೆ. ಬಳಸಿದ ಮೇಲೆ ಬರುವ ಮಾತು ಬೇರೆ. ನಿಮ್ಮ ಅಂಗಡಿಗೇ ಬನ್ನಿ. ಬೋಣಿ ಹೊತ್ತಲ್ಲಿ ಫೋನ್ ಕೊಂಡು ಖುಷಿಯಿಂದ ಹೋದವನು, ಹದಿನೈದು ದಿನ ಬಿಟ್ಟು ಅದೇ ಫೋನ್ ಹಿಡಿದು ‘ಅಣ್ಣಾ, ಚಾರ್ಜ್ ನಿಲ್ಲಲ್ಲ’ ಅಂತ ಬಂದಾಗ, ಅವನ ಮೊದಲ ಖುಷಿ ಸುಳ್ಳಾಗಿತ್ತಾ? ಎರಡೂ ನಿಜ ಅಲ್ವಾ. 4ಎಸ್ ವಿಷಯದಲ್ಲೂ ಹೀಗೇ ಆಯಿತು. ಬ್ಯಾಟರಿ ಬೇಗ ಇಳಿಯುತ್ತೆ ಅಂತ ದೂರು ಎದ್ದಿತು, ಕಂಪನಿ ಒಪ್ಪಿಕೊಂಡು ನವೆಂಬರ್‌ನಲ್ಲಿ ಫೋನಿನ ಸಾಫ್ಟ್‌ವೇರಿಗೆ 5.0.1 ಅನ್ನೋ ಅಪ್‌ಡೇಟ್ ಕೊಟ್ಟಿತು. ಗೊಣಗಿದ್ದಕ್ಕೇ ಅದು ಬಂದದ್ದು.

ಸಿರಿಯ ಬಗ್ಗೆ ಬಂದ ದೂರುಗಳು ಇನ್ನೊಂದು ಥರದವು. ನನಗೆ ಹೆಚ್ಚು ಕಾಡುವುದು ಅವೇ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ದಿನ ಸಿರಿಗೆ ಬರುತ್ತಿದ್ದದ್ದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯದ ಇಂಗ್ಲಿಷ್, ಫ್ರೆಂಚ್ ಮತ್ತು ಜರ್ಮನ್ ಅಷ್ಟೇ. ಜಪಾನಿನಲ್ಲೂ ಅವತ್ತೇ ಫೋನ್ ಮಾರಿದರು, ಆದರೆ ಸಿರಿ ಜಪಾನಿ ಭಾಷೆ ಕಲಿತು ಬಂದದ್ದು 2012ರ ಮಾರ್ಚ್‌ನಲ್ಲಿ. ಪೂರ್ತಿ ದುಡ್ಡು ಕೊಟ್ಟವರು ತಮ್ಮ ಭಾಷೆಗಾಗಿ ಐದು ತಿಂಗಳು ಕಾದರು. ಬ್ರಿಟನ್‌ನಲ್ಲಿ ಕೊಂಡವರು ‘ಹತ್ತಿರದಲ್ಲಿ ಒಳ್ಳೆ ಹೋಟೆಲ್ ಎಲ್ಲಿದೆ’ ಅಂತ ಕೇಳಿದರೆ, ಅಮೆರಿಕದಲ್ಲಿ ಮಾತ್ರ ಹುಡುಕಬಲ್ಲೆ ಅಂತ ಉತ್ತರ ಬರುತ್ತಿತ್ತು. ಸ್ಕಾಟ್ಲೆಂಡಿನವರ ಕಷ್ಟ ಬೇಡವೇ ಬೇಡ. ಅವರು ಹುಟ್ಟಿದಾಗಿಂದ ಆಡುತ್ತಿರುವುದು ಇಂಗ್ಲಿಷೇ, ಆದರೂ ಅವರ ಉಚ್ಚಾರ ಸಿರಿಗೆ ಹಿಡಿಯುತ್ತಿರಲಿಲ್ಲ. ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿ, ಕೊನೆಗೆ ಅಮೆರಿಕದವರ ಥರ ನಾಲಿಗೆ ತಿರುಗಿಸಿ ನೋಡಿದವರೂ ಇದ್ದರು.

ಇದಕ್ಕೆ ಕಾರಣ ಫೋನಿನಲ್ಲಿ ಇರಲಿಲ್ಲ. ಆಗ ನಾವು ಆಡಿದ ಮಾತು ಇಂಟರ್ನೆಟ್ ಮೂಲಕ ಕಂಪನಿಯ ದೊಡ್ಡ ಕಂಪ್ಯೂಟರುಗಳಿಗೆ ಹೋಗಿ, ಅಲ್ಲಿ ಅಕ್ಷರವಾಗಿ, ಅರ್ಥವಾಗಿ ವಾಪಸ್ ಬರಬೇಕಿತ್ತು. ನವೆಂಬರ್ ಶುರುವಿನಲ್ಲಿ ಆ ಕಡೆ ಏನೋ ತೊಂದರೆಯಾದಾಗ ಎಷ್ಟೋ ಜನರ ಸಿರಿ ಗಂಟೆಗಟ್ಟಲೆ ಸುಮ್ಮನಾಗಿಬಿಟ್ಟಿತ್ತು. ಆ ಕಂಪ್ಯೂಟರಿಗೆ ಮಾತು ಕಲಿಸುವುದು ಹೇಗೆ? ಸಾವಿರಾರು ಜನರ ದನಿ ರೆಕಾರ್ಡ್ ಮಾಡಿ, ಯಾರು ಏನು ಹೇಳಿದರು ಅಂತ ಪಕ್ಕದಲ್ಲಿ ಬರೆದು, ಅದಕ್ಕೆ ಉಣಿಸಬೇಕು. ಯಾರ ದನಿ ಜಾಸ್ತಿ ಉಣ್ಣುತ್ತದೋ ಅವರ ಮಾತು ಚೆನ್ನಾಗಿ ತಿಳಿಯುತ್ತದೆ. ಸಿರಿ ಹುಟ್ಟಿದ್ದು ಕ್ಯಾಲಿಫೋರ್ನಿಯದ ಎಸ್‌ಆರ್‌ಐ ಸಂಸ್ಥೆಯ ಸಂಶೋಧನೆಯಿಂದ. ಅದಕ್ಕೆ ದುಡ್ಡು ಹಾಕಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಡಾರ್ಪಾ. 2010ರ ಫೆಬ್ರವರಿಯಲ್ಲಿ ಅದು ಬಿಡಿ ಆ್ಯಪ್ ಆಗಿ ಬಂತು, ಏಪ್ರಿಲ್‌ನಲ್ಲಿ ಆ್ಯಪಲ್ ಕೊಂಡುಕೊಂಡಿತು. ಎಲ್ಲಿ ಬೆಳೆಯಿತೋ ಅಲ್ಲಿಯವರ ಮಾತು ಅದಕ್ಕೆ ಮೊದಲು ಬಂತು.

ಕಂಪನಿ ಇದಕ್ಕೆ ‘ಬೀಟಾ’ ಅಂತ ಚೀಟಿ ಅಂಟಿಸಿತ್ತು, ಅಂದರೆ ಇನ್ನೂ ಪೂರ್ತಿ ತಯಾರಾಗಿಲ್ಲ ಅಂತ. ಆದರೆ ಟೀವಿ ಜಾಹೀರಾತಿನಲ್ಲಿ ಕೇಳಿದ್ದಕ್ಕೆಲ್ಲ ತಟ್ಟನೆ ಉತ್ತರ ಬರುತ್ತಿತ್ತು. ಅದನ್ನು ನಂಬಿ ಕೊಂಡೆವು ಅಂತ 2012ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಕೋರ್ಟಿಗೂ ಹೋದರು. ಆ ಕೇಸು ನಿಲ್ಲಲಿಲ್ಲ. ಆದರೆ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಜಾಹೀರಾತಿನಲ್ಲಿ ತೋರಿಸಿದ್ದನ್ನೇ ಅಲ್ವಾ ನಿಮ್ಮ ಗಿರಾಕಿಯೂ ಬಂದು ಕೇಳುವುದು?

ಇಲ್ಲಿನ ಕಥೆಯೂ ನಿಮಗೆ ನೆನಪಿರಬೇಕು. 2011ರ ನವೆಂಬರ್ 25ರಂದು ಏರ್‌ಟೆಲ್, ಏರ್‌ಸೆಲ್ ಮೂಲಕ 4ಎಸ್ ಬಂತು, 16 ಜಿಬಿಗೆ 44,500 ರೂಪಾಯಿ. ಅಷ್ಟು ಕೊಟ್ಟು ತಂದವರು ಬೆಂಗಳೂರಿನ ದಾರಿ ಕೇಳಿದರೆ ಸಿರಿಯ ಹತ್ತಿರ ಉತ್ತರ ಇರಲಿಲ್ಲ. ನಮ್ಮ ದೇಶದ ಇಂಗ್ಲಿಷ್ ಅಂತ ಒಂದು ಆಯ್ಕೆ ಅದರಲ್ಲಿ ಸೇರಿದ್ದು 2015ರಲ್ಲಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ನಮ್ಮ ಮನೆಯದೇ ಒಂದು ವಿಷಯ ಹೇಳುತ್ತೇನೆ. ನಮ್ಮ ಚಿಕ್ಕಮ್ಮ ಇರುವುದು ಶಿರಸಿ ಹತ್ತಿರ. ಕಳೆದ ವರ್ಷ ಮಗ ಹೊಸ ಫೋನ್ ಕೊಡಿಸಿದ. ಅವರಿಗೆ ಬೇಕಾದದ್ದು ದಿನಾ ಅಡಿಕೆ ರೇಟು, ಮಳೆ ಬರುತ್ತೋ ಇಲ್ಲವೋ ಅನ್ನೋದು, ಮತ್ತೆ ಮಗಳಿಗೆ ಫೋನ್ ಹಚ್ಚುವುದು, ಇಷ್ಟೇ. ಮನೆಯಲ್ಲಿ ಆಡುವ ಮಾತಲ್ಲೇ ಕೇಳಿದರು. ಫೋನ್ ಏನೇನೋ ತೋರಿಸಿತು. ಹಬ್ಬಕ್ಕೆ ಹೋದಾಗ ನೋಡಿದರೆ, ಚಿಕ್ಕಮ್ಮ ಫೋನನ್ನು ಮುಖದ ಹತ್ತಿರ ಹಿಡಿದು ರೇಡಿಯೋ ವಾರ್ತೆ ಓದುವವರ ಹಾಗೆ ‘ಇಂದು ಅಡಿಕೆಯ ಬೆಲೆ ಎಷ್ಟು’ ಅಂತ ಒಂದೊಂದೇ ಪದ ಬಿಡಿಸಿ ಕೇಳುತ್ತಿದ್ದಾರೆ. ಉತ್ತರ ಬಂತು. ‘ನೋಡು, ಈಗ ಬರ್ತು’ ಅಂತ ಖುಷಿಪಟ್ಟರು. ಅವರ ಖುಷಿ ನೋಡಿ ನನಗೂ ಖುಷಿಯಾಯಿತು, ಆದರೆ ಒಳಗೆಲ್ಲೋ ಕೆಟ್ಟದೂ ಅನ್ನಿಸಿತು. ಎಪ್ಪತ್ತು ದಾಟಿದವರು ಯಂತ್ರಕ್ಕಾಗಿ ತಮ್ಮ ನಾಲಿಗೆ ತಿದ್ದಿಕೊಳ್ಳಬೇಕಾ? ಸ್ಕಾಟ್ಲೆಂಡಿನವರು ಮಾಡಿದ್ದೂ ಇದನ್ನೇ.

ಹಾಗಂತ ಏನೂ ಆಗಿಲ್ಲ ಅಂತಲ್ಲ. 2017ರಲ್ಲಿ ಗೂಗಲ್ ಕೀಬೋರ್ಡಿಗೆ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯ ಬಂತು, ಆಮೇಲೆ ಗೂಗಲ್‌ನ ಮಾತಿನ ಸಹಾಯಕ ಗೂಗಲ್ ಅಸಿಸ್ಟೆಂಟ್ ಕೂಡ ಕನ್ನಡ ಕಲಿಯಿತು. 2023ರಿಂದ ಸಿರಿ ಜೊತೆ ಇಂಗ್ಲಿಷಿಗೆ ಕನ್ನಡ ಬೆರೆಸಿ ಮಾತಾಡಬಹುದು. ನಮ್ಮ ಬೆಂಗಳೂರಿನ ಐಐಎಸ್‌ಸಿಯವರು ರೆಸ್ಪಿನ್ ಅನ್ನೋ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ, ಬೇರೆ ಬೇರೆ ಕಡೆಯ ಜನರ ದನಿ ಕೂಡಿಸಿದ್ದಾರೆ, ಅದೂ ಬೇಸಾಯ ಮತ್ತು ಹಣಕಾಸಿನ ಮಾತುಗಳನ್ನು. ಇಂಥ ಕೆಲಸವೇ ಬೇಕಾಗಿರುವುದು. ಮೈಸೂರಿನವರು ‘ಹೋಗ್ತಾ ಇದೀನಿ’ ಅಂತಾರೆ, ಮಂಗಳೂರಿನವರು ‘ಹೋಗ್ತಾ ಇದ್ದೇನೆ’ ಅಂತಾರೆ, ಧಾರವಾಡದವರು ‘ಹೊಂಟೀನಿ’ ಅಂತಾರೆ. ಮೂರೂ ಕನ್ನಡವೇ ಅಂತ ಯಂತ್ರಕ್ಕೆ ತಾನಾಗಿ ಗೊತ್ತಾಗುವುದಿಲ್ಲ, ಯಾರಾದರೂ ಕೇಳಿಸಬೇಕು.

ಆದ್ದರಿಂದ ವಯಸ್ಸಾದವರು ಕೇಳಿದರೆ ‘ತಿಳಿಯುತ್ತೆ, ಆದರೆ ಎಲ್ಲವೂ ಅಲ್ಲ’ ಅಂತ ನೇರವಾಗಿ ಹೇಳಿ. ದುಡ್ಡು ತಗೊಳ್ಳುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಹಾಕಿ, ಅವರ ಕೈಗೇ ಫೋನ್ ಕೊಟ್ಟು, ಅವರಿಗೆ ದಿನಾ ಬೇಕಾಗುವ ನಾಲ್ಕು ಮಾತು ಅವರ ಬಾಯಲ್ಲೇ ಕೇಳಿಸಿ. ನೀವು ಪಕ್ಕದಲ್ಲಿ ನಿಂತು ತಿದ್ದಬೇಡಿ. ತಿಳಿಯದಿದ್ದರೆ ಫೋನಿಗೆ ತಿಳಿಯಲಿಲ್ಲ ಅನ್ನಿ, ‘ನೀವು ಸರಿಯಾಗಿ ಹೇಳಲಿಲ್ಲ’ ಅನ್ನೋ ಮಾತು ಮಾತ್ರ ಬೇಡ. ಪಾಪ, ಅದನ್ನು ಕೇಳಿ ಎಷ್ಟೋ ಜನ ಮತ್ತೆ ಆ ಮೈಕಿನ ಗುರುತನ್ನು ಮುಟ್ಟುವುದೇ ಇಲ್ಲ.

ಮತ್ತೆ ನಿಮ್ಮಿಂದ ಒಂದು ಉಪಕಾರ ಆಗಬೇಕು. ಕೌಂಟರ್ ಹತ್ತಿರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಊರಿನವರು, ಏನು ಕೇಳಿದರು, ಫೋನಿಗೆ ಏನು ಕೇಳಿಸಿತು, ಮೂರು ಕಾಲಂ ಸಾಕು, ಹೆಸರು ಬೇಡ. ಎರಡು ತಿಂಗಳು ಬರೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯೊಂದರಲ್ಲಿ ಎರಡು ಪುಟ ಅದಕ್ಕೇ ಇಡುತ್ತೇನೆ, ಇದ್ದದ್ದು ಇದ್ದ ಹಾಗೇ ಅಚ್ಚು ಹಾಕುತ್ತೇವೆ, ಒಂದು ಪ್ರತಿ ಫೋನ್ ಕಂಪನಿಗಳಿಗೂ ಕಳಿಸುತ್ತೇವೆ.

– ಸಂಪಾದಕ