ರಮೋನಾ ಪುಸ್ತಕಗಳನ್ನು ಯಾವುದರಿಂದ ಶುರು ಮಾಡಬೇಕು?

ಒಂಬತ್ತು ವರ್ಷದ ಮಗಳು ‘ರಮೋನಾಸ್ ವರ್ಲ್ಡ್’ ಇಪ್ಪತ್ತು ಪುಟ ಓದಿ, ಯಾರು ಯಾರೋ ಗೊತ್ತಾಗಲ್ಲ ಅಂತ ಬಿಟ್ಟಳು ಅಂದಿರಲ್ಲ, ಸರಣಿಯ ಕೊನೆಯ ಪುಸ್ತಕವೇ ಮೊದಲು ಕೈಗೆ ಸಿಕ್ಕಿದ್ದು ಕಾರಣ ಇರಬೇಕು. ಅದು ಬಂದಿದ್ದು 1999ರಲ್ಲಿ. ಅಮೆರಿಕದ ಮಕ್ಕಳ ಲೇಖಕಿ ಬೆವರ್ಲಿ ಕ್ಲಿಯರಿ ಈ ಸರಣಿ ಶುರು ಮಾಡಿದ್ದು 1955ರಲ್ಲಿ. ಈ 44 ವರ್ಷದಲ್ಲಿ ಕಥೆಯ ಹುಡುಗಿ ರಮೋನಾ ಮಾತ್ರ ನಾಲ್ಕು ವರ್ಷದ ಪುಟ್ಟಿಯಿಂದ ನಾಲ್ಕನೇ ಕ್ಲಾಸಿಗೆ ಬಂದಿದ್ದಾಳೆ, ಅಷ್ಟೇ!

ಮೊದಲು ‘ಬೀಜಸ್ ಅಂಡ್ ರಮೋನಾ’ ಕೊಡಿ (ಬೀಜಸ್ ಅಂದರೆ ರಮೋನಾಳ ಅಕ್ಕ). ಮೊದಲ ತುತ್ತೇ ರುಚಿ ಜಾಸ್ತಿ ಅಂತ ರಮೋನಾ ಒಂದೊಂದು ಸೇಬನ್ನೂ ಒಂದೇ ಸಲ ಕಚ್ಚಿ ಬಿಸಾಡುವುದು ಅದರಲ್ಲೇ. ನನ್ನ ಮಗನಿಗೆ ಈ ಸರಣಿಯ ರುಚಿ ಹತ್ತಿದ್ದು ಆ ಪುಟದಲ್ಲಿ. ಆಮೇಲೆ ‘ರಮೋನಾ ದ ಪೆಸ್ಟ್’, ‘ರಮೋನಾ ದ ಬ್ರೇವ್’.

‘ರಮೋನಾ ಅಂಡ್ ಹರ್ ಫಾದರ್’ಗೆ ಬಂದಾಗ ಜೊತೆಗೆ ಕೂತು ಓದಿ. ಅಪ್ಪನ ಕೆಲಸ ಹೋಗುತ್ತದೆ, ಮನೆಯಲ್ಲಿ ದುಡ್ಡಿಗೆ ಬಿಗಿ. ಮಕ್ಕಳು ಪ್ರಶ್ನೆ ಕೇಳೇ ಕೇಳುತ್ತಾರೆ. ನಂತರ ‘ರಮೋನಾ ಅಂಡ್ ಹರ್ ಮದರ್’, ‘ರಮೋನಾ ಕ್ವಿಂಬಿ, ಏಜ್ 8’, ‘ರಮೋನಾ ಫಾರೆವರ್’. ಬೇಯಿಸಿದ ಮೊಟ್ಟೆ ಅಂದುಕೊಂಡು ರಮೋನಾ ಹಸಿ ಮೊಟ್ಟೆಯನ್ನು ತಲೆಗೆ ಕುಟ್ಟಿಕೊಳ್ಳುವುದು ‘ಏಜ್ 8’ರಲ್ಲಿ.

ಇಷ್ಟೆಲ್ಲ ಅವಳಿಗೆ ಹಿಡಿಸುತ್ತೋ ಇಲ್ವೋ ಹೇಳಲಾರೆ. ಮೊದಲನೆಯದು ಒಂದನ್ನೇ ಲೈಬ್ರರಿಯಿಂದ ತನ್ನಿ, ಸುಮ್ನೆ ಪೂರ್ತಿ ಸೆಟ್ ಕೊಳ್ಳಬೇಡಿ. ಕ್ಲಿಯರಿಯ ಇನ್ನೊಂದು ಪುಸ್ತಕ ‘ಡಿಯರ್ ಮಿಸ್ಟರ್ ಹೆನ್ಷಾ’ಗೆ ಮಕ್ಕಳ ಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ನ್ಯೂಬೆರಿ ಪದಕ 1984ರಲ್ಲಿ ಬಂದಿದೆ, ನಿಜ. ಆದರೆ ಅದು ಅಪ್ಪ ಅಮ್ಮ ಬೇರೆಯಾದ ಹುಡುಗನ ಕಥೆ, ಒಂದೆರಡು ವರ್ಷ ತಡೆದು ಕೊಡಿ.